ಗಾಳಿಯಂತ್ರ ಕೈಕೊಟ್ಟಾಗ ಮೊದಲು ಚಕ್ರ ನೋಡಿ

ಮನೆಯ ಗಾಳಿಯಂತ್ರ ಕರೆಂಟ್ ಕೊಡುವುದು ನಿಲ್ಲಿಸಿತು ಅಂದರೆ ಮನಸ್ಸು ನೇರ ಕಂಬದ ತುದಿಗೇ ಹೋಗುತ್ತದೆ. ಜನರೇಟರ್ ಸುಟ್ಟಿರಬೇಕು, ಕಂಬ ಇಳಿಸಲೇಬೇಕು ಅನಿಸುತ್ತದೆ. ನಾನೂ ಮೊದಲ ಸಲ ಹಾಗೇ ಮಾಡಿದೆ. ಕಂಬ ಇಳಿಸಿ, ರೆಕ್ಕೆ ಕಳಚಿ, ಜನರೇಟರ್ ಬಿಚ್ಚಿ ನೋಡಿದರೆ ಒಳಗೆ ಎಲ್ಲ ಸರಿಯಾಗೇ ಇತ್ತು. ತೊಂದರೆ ಇದ್ದದ್ದು ಕಂಬದ ಬುಡದಲ್ಲಿ. ಕೇಬಲ್ ಹೊರಬರುವ ತೂತಿನ ಅಂಚು ಚೂಪಾಗಿತ್ತು. ಗಾಳಿಗೆ ಕಂಬ ಅಲುಗಿದಾಗಲೆಲ್ಲ ಕೇಬಲ್ ಅಲ್ಲಿ ಉಜ್ಜಿ, ಎರಡು ವೈರ್‌ಗಳ ಮೇಲಿನ ಪ್ಲಾಸ್ಟಿಕ್ ಸವೆದುಹೋಗಿತ್ತು. ತಾಮ್ರಕ್ಕೆ ತಾಮ್ರ ತಾಗಿ, ಸುತ್ತ ಹಸಿರು ಕಿಲುಬು ಕಟ್ಟಿತ್ತು.

ಚಕ್ರ ಅದನ್ನು ಎರಡು ದಿನದಿಂದ ಹೇಳುತ್ತಲೇ ಇತ್ತು. ರೆಕ್ಕೆ ಒಂದೇ ಸಮ ತಿರುಗುತ್ತಿರಲಿಲ್ಲ. ಸ್ವಲ್ಪ ಮುಂದೆ ಹೋಗಿ ತಡೆಯುವುದು, ಜಾರುವುದು, ಮತ್ತೆ ತಡೆಯುವುದು. ಮೂರು ವೈರ್‌ಗಳಲ್ಲಿ ಎರಡು ಮಾತ್ರ ಶಾರ್ಟ್ ಆದಾಗ ಚಕ್ರ ನಡೆಯುವ ರೀತಿಯೇ ಅದು. ನನಗೆ ಆಗ ಅದು ಗೊತ್ತಿರಲಿಲ್ಲ.

ಹಾಗಾಗಿ ಇಲ್ಲಿನ ಕ್ರಮ ಹೀಗಿದೆ. ಮೊದಲು ಚಕ್ರ ನೋಡುವುದು. ಆಮೇಲೆ ನೆಲದ ಮೇಲೆ ನಿಂತು ಅಳೆಯುವುದು. ಕಂಬ ಇಳಿಸುವುದು ಕಟ್ಟಕಡೆಗೆ.

ಕರೆಂಟ್ ಎಳೆದರೆ ಚಕ್ರ ಭಾರ

ಸಣ್ಣ ಗಾಳಿಯಂತ್ರಗಳಲ್ಲಿ ಹೆಚ್ಚಿನವಕ್ಕೆ ಶಾಶ್ವತ ಅಯಸ್ಕಾಂತದ ಜನರೇಟರ್ ಇರುತ್ತದೆ. ಅದರಿಂದ ಮೂರು ವೈರ್ ಕೆಳಗೆ ಬರುತ್ತವೆ. ಮೂರರಲ್ಲೂ ಎಸಿ ಇರುತ್ತದೆ. ಕೆಳಗೆ ರೆಕ್ಟಿಫೈಯರ್ ಅದನ್ನು ಡಿಸಿ ಮಾಡುತ್ತದೆ. ಕಂಟ್ರೋಲರ್ ಬ್ಯಾಟರಿಗೆ ಕೊಡುತ್ತದೆ. ಬ್ಯಾಟರಿ ತುಂಬಿದರೆ ಮಿಕ್ಕ ಕರೆಂಟನ್ನು ಡಂಪ್ ಲೋಡ್ ಅನ್ನುವ ಹೀಟರ್ ಸುರುಳಿಗೆ ತಳ್ಳುತ್ತದೆ.

ಜನರೇಟರಿನಿಂದ ಕರೆಂಟ್ ಎಳೆದಷ್ಟೂ ಚಕ್ರ ಭಾರವಾಗುತ್ತದೆ. ಎಲ್ಲೋ ವೈರ್ ಕಡಿದಿದ್ದರೆ ಎಳೆಯುವವರು ಯಾರೂ ಇಲ್ಲ, ಚಕ್ರ ಹಗುರವಾಗಿ ಜೋರು ಓಡುತ್ತದೆ. ಎಲ್ಲೋ ಶಾರ್ಟ್ ಆಗಿದ್ದರೆ ಇರುವ ಶಕ್ತಿಯೆಲ್ಲ ಅಲ್ಲೇ ಸುರಿದುಹೋಗಿ, ಚಕ್ರ ಮಣ್ಣಲ್ಲಿ ಹೂತ ಗಾಡಿಯಂತೆ ಕಷ್ಟಪಟ್ಟು ತಿರುಗುತ್ತದೆ. ಅಂದರೆ ದೂರದಿಂದ ನೋಡಿಯೇ ಅರ್ಧ ದೋಷ ಹೇಳಬಹುದು.

ಜೋರು ಓಡುತ್ತಿದೆ, ಶಬ್ದ ಬದಲಾಗಿದೆ, ಆಂಪಿಯರ್ ಸೊನ್ನೆ: ಸಂಪರ್ಕ ಕಡಿದಿದೆ. ಫ್ಯೂಸ್, ಎಂಸಿಬಿ, ಸಡಿಲವಾದ ಟರ್ಮಿನಲ್ ಇವನ್ನು ಹುಡುಕಿ.

ನಿಧಾನ, ಆದರೆ ಒಂದೇ ಸಮ: ಮೂರೂ ವೈರ್ ಒಂದಾಗಿವೆ. ಚಕ್ರ ನಿಲ್ಲಿಸುವ ಬ್ರೇಕ್ ಸ್ವಿಚ್ ಹಾಕಿಯೇ ಉಳಿದಿದೆಯಾ ನೋಡಿ. ಇದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಲ ಆಗುತ್ತದೆ.

ತಡೆದು ತಡೆದು ತಿರುಗುತ್ತಿದೆ: ಎರಡು ವೈರ್ ಶಾರ್ಟ್, ಇಲ್ಲವೇ ರೆಕ್ಟಿಫೈಯರಿನ ಒಂದು ಡಯೋಡ್ ಶಾರ್ಟ್.

ಚೆನ್ನಾಗೇ ತಿರುಗುತ್ತಿದೆ, ಕರೆಂಟ್ ಮಾತ್ರ ಕಮ್ಮಿ: ಒಂದು ಫೇಸ್, ಅಂದರೆ ಮೂರು ವೈರ್‌ಗಳಲ್ಲಿ ಒಂದರ ಕರೆಂಟ್, ಹೋಗಿರಬಹುದು, ಕೇಬಲ್ಲಿನಲ್ಲಿ ಸೋರಿಕೆ ಇರಬಹುದು. ಅಥವಾ ದೋಷವೇ ಇಲ್ಲದಿರಬಹುದು.

ಮುಟ್ಟುವ ಮೊದಲು

ಒಂದು ಮಾತು ಖಂಡಿತ ನೆನಪಿಡಿ. ಚಕ್ರ ತಿರುಗುತ್ತಿರುವಾಗ ಬ್ಯಾಟರಿಯ ವೈರ್ ತೆಗೆಯಬೇಡಿ. ಲೋಡ್ ಹೋದ ಕೂಡಲೇ ಚಕ್ರ ವೇಗ ಹಿಡಿಯುತ್ತದೆ, ವೇಗದ ಜೊತೆ ವೋಲ್ಟೇಜೂ ಏರುತ್ತದೆ. ಕಂಟ್ರೋಲರ್ ಸುಡಲು ಒಂದು ಕ್ಷಣ ಸಾಕು. 48 ವೋಲ್ಟಿನ ಯಂತ್ರದಲ್ಲಿ ಲೋಡ್ ಇಲ್ಲದಾಗ ನೂರು ವೋಲ್ಟ್ ದಾಟುವುದು ಮಾಮೂಲು. ಅದು ಜೀವಕ್ಕೆ ಅಪಾಯ. 12 ವೋಲ್ಟಿನದು ತಾನೇ ಅಂತಲೂ ಅಸಡ್ಡೆ ಬೇಡ.

ಮೊದಲು ಬ್ರೇಕ್ ಹಾಕಿ, ಚಕ್ರ ನಿಂತ ಮೇಲೆ ಉಳಿದ ಕೆಲಸ. ಈ ಬ್ರೇಕ್ ಅಂದರೆ ಮೂರು ವೈರ್‌ಗಳನ್ನು ಒಂದಕ್ಕೊಂದು ಸೇರಿಸುವ ಸ್ವಿಚ್, ಅಷ್ಟೇ. ಬಿರುಗಾಳಿಯಲ್ಲಿ ಅದನ್ನು ಹಾಕಿದರೆ ಚಕ್ರ ನಿಲ್ಲದೆ ಜನರೇಟರಿನ ಕಾಯಿಲ್, ಅಂದರೆ ಒಳಗಿನ ತಾಮ್ರದ ಸುರುಳಿ, ಸುಡಬಹುದು. ಗಾಳಿ ಸ್ವಲ್ಪ ತಗ್ಗಲಿ, ಆಗ ಹಾಕಿ. ಗಾಳಿ ಇರುವಾಗ ಕಂಬ ಹತ್ತುವುದಂತೂ ಬೇಡವೇ ಬೇಡ.

ಗಾಳಿ ನಿಜಕ್ಕೂ ಇದೆಯಾ?

ಈ ಪ್ರಶ್ನೆ ಕೇಳಿ ಕೋಪ ಮಾಡಿಕೊಳ್ಳಬೇಡಿ. ನಾವು ಮುಖಕ್ಕೆ ತಾಗುವ ಗಾಳಿಯನ್ನು ನೋಡಿ "ಎಷ್ಟು ಗಾಳಿ ಇದೆ" ಅನ್ನುತ್ತೇವೆ. ಯಂತ್ರಕ್ಕೆ ಅದು ಏನೂ ಅಲ್ಲ. ಗಾಳಿಯಲ್ಲಿರುವ ಶಕ್ತಿ ವೇಗದ ಘನದಷ್ಟು ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು.

2 ಮೀಟರ್ ಅಗಲದ ಚಕ್ರ ಅಂದುಕೊಳ್ಳಿ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಆ ವೃತ್ತದ ಮೂಲಕ ಹಾಯುವ ಗಾಳಿಯಲ್ಲಿ ಇರುವುದೇ ಸುಮಾರು 50 ವ್ಯಾಟ್. ಅದರಲ್ಲಿ 59.3 ಶೇಕಡಕ್ಕಿಂತ ಜಾಸ್ತಿ ಯಾವ ಯಂತ್ರವೂ ಹಿಡಿಯಲಾರದು. ಇದು ಬೆಟ್ಜ್ ಮಿತಿ. ಸಣ್ಣ ಯಂತ್ರಗಳು ಕೈಗೆ ಕೊಡುವುದು ಕಾಲು ಭಾಗದ ಆಸುಪಾಸು. ಹಾಗಾಗಿ 3 ಮೀಟರಿಗೆ 12 ವ್ಯಾಟ್, 6 ಮೀಟರಿಗೆ 100, 12 ಮೀಟರಿಗೆ 800. ಡಬ್ಬದ ಮೇಲೆ ಬರೆದ ವ್ಯಾಟ್ ಸಾಮಾನ್ಯವಾಗಿ 11 ಅಥವಾ 12 ಮೀಟರ್ ಗಾಳಿಯದು. ದಿನನಿತ್ಯದ ಗಾಳಿಯದಲ್ಲ.

ಅಳೆಯುವ ಸಾಧನ ಇಲ್ಲದಿದ್ದರೆ ಮರ ನೋಡಿ. ಕಣ್ಣಿಗೆ ಕಾಣುವ ಗುರುತುಗಳಿಂದ ಗಾಳಿಯ ವೇಗ ಹೇಳುವ ಬೋಫರ್ಟ್ ಪಟ್ಟಿಯ ಪ್ರಕಾರ ಎಲೆ ಸುಮ್ನೆ ಸರಸರ ಅಂದರೆ 3.3 ಮೀಟರಿನ ಒಳಗೆ. ಎಲೆಯೂ ಸಣ್ಣ ಕಡ್ಡಿಗಳೂ ಬಿಡದೆ ಅಲುಗುತ್ತಿದ್ದರೆ 3.4ರಿಂದ 5.4. ಧೂಳು, ಕಾಗದದ ಚೂರು ಏಳುತ್ತಿದ್ದರೆ 5.5ರಿಂದ 7.9. ಬಹಳಷ್ಟು ಯಂತ್ರಗಳು ಚಾರ್ಜ್ ಶುರುಮಾಡುವುದು 3ರಿಂದ 4 ಮೀಟರಿನ ನಡುವೆ. ಎಲೆ ಮಾತ್ರ ಸರಸರ ಅನ್ನುವ ದಿನ ಚಕ್ರ ತಿರುಗಿದರೂ ಬ್ಯಾಟರಿಗೆ ಏನೂ ಹೋಗದೇ ಇರುವುದು ದೋಷವಲ್ಲ. ಚಕ್ರದ ವೇಗ ಸಾಲದೆ ಅದರ ವೋಲ್ಟೇಜ್ ಬ್ಯಾಟರಿಯ ವೋಲ್ಟೇಜನ್ನು ಇನ್ನೂ ದಾಟಿಲ್ಲ, ಅಷ್ಟೇ.

ಧೂಳು ಏಳುವಷ್ಟು ಗಾಳಿ ಇದ್ದೂ ಕರೆಂಟ್ ಇಲ್ಲವೇ? ಹಾಗಾದರೆ ಮುಂದಕ್ಕೆ ಹೋಗೋಣ.

ನಡುವೆ ಬೇರೆ ಮಾಡಿ

ಎಲ್ಲ ಪರೀಕ್ಷೆಗಳಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಗಾಳಿ ತೀರಾ ಕಮ್ಮಿ ಇರುವ ಹೊತ್ತು ನೋಡಿಕೊಂಡು, ಬ್ರೇಕ್ ಹಾಕಿ, ಕಂಬದ ಬುಡದಲ್ಲಿ ಮೂರು ವೈರ್‌ಗಳನ್ನು ರೆಕ್ಟಿಫೈಯರಿನಿಂದ ತೆಗೆಯಿರಿ. ಬ್ರೇಕ್ ಸ್ವಿಚ್ಚಿನಿಂದಲೂ ತೆಗೆಯಿರಿ. ಮೂರರ ತುದಿಯೂ ಒಂದಕ್ಕೊಂದು ತಾಗದಂತೆ, ಕಂಬಕ್ಕೂ ತಾಗದಂತೆ ಇರಲಿ. ಈಗ ಚಕ್ರ ಹೇಗೆ ತಿರುಗುತ್ತದೆ ನೋಡಿ.

ಇಲ್ಲಿಯವರೆಗೆ ಭಾರವಾಗಿದ್ದ ಚಕ್ರ ಈಗ ಹಗುರವಾಯಿತು ಅಂದರೆ ದೋಷ ಕೆಳಗಿದೆ: ಸ್ವಿಚ್, ರೆಕ್ಟಿಫೈಯರ್, ಕಂಟ್ರೋಲರ್. ಈಗಲೂ ಭಾರವೇ ಇದ್ದರೆ ದೋಷ ಮೇಲಿದೆ: ಕಂಬದೊಳಗಿನ ಕೇಬಲ್, ಕಾಯಿಲ್, ಬೇರಿಂಗ್. ಒಂದೇ ಹೆಜ್ಜೆಯಲ್ಲಿ ಅರ್ಧ ಯಂತ್ರ ಅನುಮಾನದಿಂದ ಹೊರಗೆ ಹೋಯಿತು, ಅಲ್ವಾ?

ಒಂದು ಎಚ್ಚರಿಕೆ. ಕಬ್ಬಿಣದ ತಿರುಳಿರುವ ಜನರೇಟರ್‌ಗಳಲ್ಲಿ ವೈರ್ ಬಿಚ್ಚಿದ್ದರೂ ಕೈಯಲ್ಲಿ ತಿರುಗಿಸಿದಾಗ ಟಕ್ ಟಕ್ ಅಂತ ಹಿಡಿದು ಬಿಡುವ ಅನುಭವ ಆಗುತ್ತದೆ. ಅಯಸ್ಕಾಂತ ಕಬ್ಬಿಣದ ಹಲ್ಲುಗಳನ್ನು ಎಳೆಯುವುದರಿಂದ ಹಾಗೆ. ಅದು ಸಹಜ. ತಿರುಳಿಲ್ಲದ, ಚಪ್ಪಟೆ ತಟ್ಟೆಯ ಜನರೇಟರ್‌ನಲ್ಲಿ ಮಾತ್ರ ಅದು ಇರಬಾರದು.

ಮೇಲಿನ ಭಾಗ ಅಳೆಯುವುದು

ಕಂಬ ಇನ್ನೂ ಇಳಿಸಬೇಡಿ. ವೈರ್ ತುದಿಗಳು ಕೈಯಲ್ಲೇ ಇವೆ. ಓಮ್ ಅಳೆಯುವಾಗ ಚಕ್ರ ಪೂರ್ತಿ ನಿಂತಿರಬೇಕು. ತಿರುಗುತ್ತಿದ್ದರೆ ಅಳತೆ ತಪ್ಪುತ್ತದೆ, ಮೀಟರೂ ಹಾಳಾಗಬಹುದು. ಬ್ರೇಕ್ ಬಿಚ್ಚಿದ್ದೀರಲ್ಲ, ಹಾಗಾಗಿ ಎಲೆಯೂ ಅಲುಗದ ಹೊತ್ತನ್ನೇ ಹಿಡಿಯಬೇಕು.

ಮೂರು ವೈರ್‌ಗೆ 1, 2, 3 ಅಂತ ಟೇಪ್ ಅಂಟಿಸಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು 1-2, 2-3, 1-3 ಜೋಡಿಗಳನ್ನು ಅಳೆಯಿರಿ. ಕಾಯಿಲ್‌ಗಳ ರೆಸಿಸ್ಟೆನ್ಸ್ ಬಹಳ ಕಮ್ಮಿ. ಹಾಗಾಗಿ ಮೊದಲು ಮೀಟರಿನ ಎರಡು ಕಡ್ಡಿ ತಾಗಿಸಿ ಎಷ್ಟು ತೋರಿಸುತ್ತದೆ ನೋಡಿ, ಅದನ್ನು ಕಳೆಯಿರಿ. ಒಟ್ಟು ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ಮೂರೂ ಸಮ ಇವೆಯಾ ಅನ್ನುವುದೇ ಮುಖ್ಯ.

ಸ್ಟಾರ್ ಜೋಡಣೆಯ ಜನರೇಟರ್‌ನಲ್ಲಿ (ಮೂರು ಕಾಯಿಲ್‌ಗಳ ಒಂದೊಂದು ತುದಿ ಒಂದೇ ಕಡೆ ಸೇರಿರುವುದು) ಒಂದು ಎಳೆ ಕಡಿದಿದ್ದರೆ ಎರಡು ಜೋಡಿ ಏನೂ ತೋರಿಸುವುದಿಲ್ಲ (ಸೊನ್ನೆಯಲ್ಲ, ಸಂಪರ್ಕವೇ ಇಲ್ಲ ಅನ್ನುವ ಗುರುತು), ಒಂದು ಜೋಡಿ ಮಾತ್ರ ಸರಿಯಾಗಿ ತೋರಿಸುತ್ತದೆ. ಏನೂ ತೋರಿಸದ ಎರಡೂ ಜೋಡಿಗಳಲ್ಲಿ ಇರುವ ವೈರೇ ಕಡಿದದ್ದು. ಡೆಲ್ಟಾ ಜೋಡಣೆಯಲ್ಲಿ (ಮೂರು ಕಾಯಿಲ್ ತ್ರಿಕೋನದಂತೆ ತುದಿಗೆ ತುದಿ ಸೇರಿರುವುದು) ಕಾಯಿಲ್ ಕಡಿದಿದ್ದರೆ ಬೇರೆ ಗುರುತು: ಒಂದು ಜೋಡಿ ಉಳಿದೆರಡರ ಎರಡು ಪಟ್ಟು ತೋರಿಸುತ್ತದೆ. ಆದರೆ ಡೆಲ್ಟಾದಲ್ಲೂ ಕಂಬದೊಳಗಿನ ವೈರ್ ಕಡಿದಿದ್ದರೆ ಸ್ಟಾರ್‌ನಂತೆಯೇ ಎರಡು ಜೋಡಿ ಸತ್ತಂತೆ ಕಾಣುತ್ತವೆ. ಈ ವ್ಯತ್ಯಾಸ ಗೊತ್ತಿದ್ದರೆ ಕೇಬಲ್ಲಾ ಕಾಯಿಲ್ಲಾ ಅನ್ನುವುದನ್ನು ಕೆಳಗೇ ನಿಂತು ಹೇಳಬಹುದು.

ಆಮೇಲೆ ಪ್ರತಿ ವೈರ್‌ಗೂ ಕಂಬದ ಕಬ್ಬಿಣಕ್ಕೂ ನಡುವೆ ಅಳೆಯಿರಿ. ಏನೂ ತೋರಿಸಬಾರದು. ತೋರಿಸಿದರೆ ವೈರ್ ಎಲ್ಲೋ ಕಂಬಕ್ಕೆ ತಾಗುತ್ತಿದೆ. ಸಿಡಿಲಿನಿಂದ ಕಾಪಾಡಲು ಹಾಕಿದ ಸರ್ಜ್ ಅರೆಸ್ಟರ್ ಇದ್ದರೆ ಅದನ್ನು ಬಿಚ್ಚಿ ಇನ್ನೊಮ್ಮೆ ಅಳೆಯಿರಿ. ದೊಡ್ಡ ಸಿಡಿಲಿನ ನಂತರ ಅದೇ ಶಾರ್ಟ್ ಆಗಿ ಕೂತಿರಬಹುದು.

ಮೀಟರಿಗೆ ಸಿಗದ ಒಂದು ದೋಷ ಇದೆ. ಕಾಯಿಲ್ ಒಳಗೇ ಕೆಲವು ಸುತ್ತುಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಓಮ್ ಹೆಚ್ಚು ಕಮ್ಮಿ ಸರಿಯಾಗೇ ಕಾಣುತ್ತದೆ. ಆದರೆ ಮೂರು ವೈರ್ ಬಿಡಿಯಾಗಿದ್ದರೂ ಚಕ್ರ ಭಾರ. ತಿರುಗುವಾಗ ಎಸಿ ವೋಲ್ಟೇಜ್ ಅಳೆದರೆ ಜೋಡಿಗಳು ಸಮ ಬರುವುದಿಲ್ಲ. ಹೀಗಿದ್ದರೆ ಕಂಬ ಇಳಿಸುವ ಹೊತ್ತು ಬಂತು. ಬಿಚ್ಚಿದಾಗ ಕಾಯಿಲ್ ಮೇಲಿನ ರೆಸಿನ್ ಕಪ್ಪಾಗಿರುತ್ತದೆ, ಸುಟ್ಟ ವಾರ್ನಿಶ್ ವಾಸನೆ ಮೂಗಿಗೆ ಬಡಿಯುತ್ತದೆ. ಅಷ್ಟು ಬಿಸಿಯಾಗಿದ್ದರೆ ಅಯಸ್ಕಾಂತಗಳನ್ನೂ ಅನುಮಾನಿಸಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ, ತಣ್ಣಗಾದ ಮೇಲೂ ಅದು ವಾಪಸ್ ಬರುವುದಿಲ್ಲ.

ಬಂದು ಹೋಗುವ ದೋಷ, ಅಂದರೆ ಒಂದು ದಿಕ್ಕಿನ ಗಾಳಿಗೆ ಕರೆಂಟ್ ಬಂದು ಇನ್ನೊಂದು ದಿಕ್ಕಿಗೆ ನಿಲ್ಲುವುದು, ಸಾಮಾನ್ಯವಾಗಿ ಯಂತ್ರ ಎತ್ತ ಹೊರಳಿದರೂ ಕರೆಂಟನ್ನು ಕೆಳಗಿನ ಕೇಬಲ್ಲಿಗೆ ದಾಟಿಸುವ ಸ್ಲಿಪ್ ರಿಂಗ್‌ನದು. ಕಾರ್ಬನ್ ಬ್ರಶ್ ಸವೆದಿರುತ್ತದೆ, ಇಲ್ಲವೇ ರಿಂಗಿನ ಮೇಲೆ ಕಪ್ಪು ಪುಡಿ ಕೂತಿರುತ್ತದೆ. ಸ್ಲಿಪ್ ರಿಂಗ್ ಇಲ್ಲದೆ ಕೇಬಲ್ಲನ್ನೇ ನೇತುಬಿಟ್ಟಿದ್ದರೆ ಅದು ಹುರಿ ಹೊಸೆದಂತೆ ಸುತ್ತಿಕೊಂಡಿದೆಯಾ ನೋಡಿ. ಕೆಳಗಿನ ಪ್ಲಗ್ ತೆಗೆದು ಬಿಡಿಸಿದರೆ ಆಯಿತು.

ಕೆಳಗಿನ ಭಾಗ

ರೆಕ್ಟಿಫೈಯರಿನಲ್ಲಿ ಆರು ಡಯೋಡ್ ಇರುತ್ತವೆ. ಎಲ್ಲ ವೈರ್ ತೆಗೆದು ಮೀಟರನ್ನು ಡಯೋಡ್ ಗುರುತಿಗೆ ಇಡಿ. ಕೆಂಪು ಕಡ್ಡಿ ಒಂದೊಂದಾಗಿ ಮೂರು ಎಸಿ ಟರ್ಮಿನಲ್‌ಗೆ, ಕಪ್ಪು ಕಡ್ಡಿ ಪ್ಲಸ್‌ಗೆ. ಮೂರೂ ಸಲ 0.4ರಿಂದ 0.7 ಬರಬೇಕು. ಆಮೇಲೆ ಕೆಂಪು ಕಡ್ಡಿ ಮೈನಸ್‌ಗೆ, ಕಪ್ಪು ಕಡ್ಡಿ ಎಸಿ ಟರ್ಮಿನಲ್‌ಗಳಿಗೆ. ಅದೇ ಸಂಖ್ಯೆ ಬರಬೇಕು. ಕಡ್ಡಿ ಅದಲು ಬದಲು ಮಾಡಿದರೆ ಏನೂ ಬರಬಾರದು. ಎರಡು ಕಡೆಯೂ ಸೊನ್ನೆ ತೋರಿಸಿದರೆ ಆ ಡಯೋಡ್ ಶಾರ್ಟ್. ಎರಡು ಕಡೆಯೂ ಏನೂ ಇಲ್ಲದಿದ್ದರೆ ಕಡಿದಿದೆ.

ಅಲ್ಲೇ ಟರ್ಮಿನಲ್ ಸ್ಕ್ರೂಗಳನ್ನೂ ಮುಟ್ಟಿ ನೋಡಿ. ಸಡಿಲವಾದ ಲಗ್ (ವೈರ್ ತುದಿಗೆ ಒತ್ತಿದ ಲೋಹದ ಕೊಂಡಿ) ಬಿಸಿಯಾಗಿ ಪಕ್ಕದ ಪ್ಲಾಸ್ಟಿಕ್ ಕಂದು ತಿರುಗಿರುತ್ತದೆ. ತಾಮ್ರ ಕೆಂಪಿನ ಬದಲು ನೇರಳೆ ಕಪ್ಪಾಗಿರುತ್ತದೆ. ಆ ತುದಿಯನ್ನು ಉಜ್ಜಿ ಮತ್ತೆ ಹಾಕಬೇಡಿ. ಕತ್ತರಿಸಿ, ಹೊಸ ಲಗ್ ಒತ್ತಿಸಿ.

ಇನ್ನು ಕಂಟ್ರೋಲರ್. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಸೋಲಾರ್‌ಗೆ ಮಾಡಿದ ಕಂಟ್ರೋಲರನ್ನು ಗಾಳಿಯಂತ್ರಕ್ಕೆ ಹಾಕಬೇಡಿ. ಬ್ಯಾಟರಿ ತುಂಬಿದಾಗ ಸೋಲಾರ್ ಕಂಟ್ರೋಲರ್ ಪ್ಯಾನೆಲನ್ನು ಬೇರೆ ಮಾಡಿಬಿಡುತ್ತದೆ. ಪ್ಯಾನೆಲ್‌ಗೆ ಅದರಿಂದ ಏನೂ ಆಗುವುದಿಲ್ಲ. ಗಾಳಿಯಂತ್ರಕ್ಕೆ ಅದು ಲಗಾಮು ಬಿಟ್ಟಂತೆ. "ಬ್ಯಾಟರಿ ತುಂಬಿದ ದಿನವೇ ಚಕ್ರ ಹುಚ್ಚು ಹಿಡಿದಂತೆ ಓಡುತ್ತದೆ" ಅನ್ನುವ ದೂರು ಬಂದರೆ ಮೊದಲು ಕಂಟ್ರೋಲರ್ ಯಾವುದು ಅಂತ ನೋಡಿ.

ಲಿಥಿಯಂ ಬ್ಯಾಟರಿಯಲ್ಲೂ ಇದೇ ಅಪಾಯ ಇದೆ. ಅದರೊಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್, ಬ್ಯಾಟರಿ ತುಂಬಿದಾಗ, ಅಥವಾ ತೀರಾ ತಣ್ಣಗಾದಾಗ ಚಾರ್ಜಿಂಗ್ ಕಡಿದುಹಾಕುತ್ತದೆ. ಕಂಟ್ರೋಲರ್ ಅದಕ್ಕೂ ಮೊದಲೇ ಡಂಪ್ ಲೋಡಿಗೆ ತಿರುಗಿಸುವಂತೆ ವೋಲ್ಟೇಜ್ ಹೊಂದಿಸಿರಬೇಕು. ಎರಡು ಸಲ ಕಂಟ್ರೋಲರ್ ಸುಟ್ಟಿದೆ, ಕಾರಣ ಗೊತ್ತಿಲ್ಲ ಅಂದರೆ ಅನುಮಾನ ಇಲ್ಲಿಗೆ ಬರಲಿ.

ಡಂಪ್ ಲೋಡ್ ಕೆಲಸ ಮಾಡುತ್ತಿದೆಯಾ ಅಂತ ವರ್ಷಗಟ್ಟಲೆ ಯಾರೂ ನೋಡುವುದಿಲ್ಲ. ಬ್ಯಾಟರಿ ತುಂಬಿ ಗಾಳಿಯೂ ಇರುವಾಗ ಅದರ ಹತ್ತಿರ ಕೈ ಹಿಡಿಯಿರಿ, ಬಿಸಿ ಬರಬೇಕು. ತಣ್ಣಗಿದ್ದರೆ ಸುರುಳಿ ಕಡಿದಿರಬಹುದು. 12 ವೋಲ್ಟಿನ ಯಂತ್ರದಲ್ಲಿ 14.4 ವೋಲ್ಟಿಗೆ 500 ವ್ಯಾಟ್ ಸುಡಬೇಕಾದರೆ ರೆಸಿಸ್ಟೆನ್ಸ್ ಸುಮಾರು 0.4 ಓಮ್ ಇರಬೇಕು. ಮೀಟರ್ ಏನೂ ತೋರಿಸದಿದ್ದರೆ ಅದು ಸತ್ತಿದೆ.

ಬ್ಯಾಟರಿಯ ಪರೀಕ್ಷೆ ಚಿಕ್ಕದು. ಲೆಡ್ ಆಸಿಡ್ ಬ್ಯಾಟರಿಯನ್ನು ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆದರೆ ತುಂಬಿದ್ದು 12.7 ವೋಲ್ಟ್, ಅರ್ಧ ಇದ್ದದ್ದು 12.2ರ ಹತ್ತಿರ. ಸ್ವಲ್ಪ ಗಾಳಿಗೇ ಸರ್ರನೆ 14 ದಾಟಿ, ಗಾಳಿ ನಿಂತ ಕೂಡಲೇ ಅಷ್ಟೇ ಬೇಗ ಕುಸಿದರೆ ಬ್ಯಾಟರಿ ಮುದಿಯಾಗಿದೆ. ಯಂತ್ರವನ್ನು ಬೈಯಬೇಡಿ.

ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ಇದ್ದರೆ, ಲೈನ್ ಕರೆಂಟ್ ಹೋದಾಗ ಅದು ತಾನೇ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುವುದು. ಲೈನ್ ಬಂದ ಮೇಲೂ ಕೆಲವು ನಿಮಿಷ ಕಾಯುತ್ತದೆ. ಅದು ಕೆಟ್ಟಿದೆ ಅಂದುಕೊಂಡು ಬಿಚ್ಚಲು ಹೋಗಬೇಡಿ.

ತಿರುಗುತ್ತದೆ, ಆದರೆ ಸಾಲುತ್ತಿಲ್ಲ

ಮೊದಲು ಕೇಬಲ್. 12 ವೋಲ್ಟಿನಲ್ಲಿ 500 ವ್ಯಾಟ್ ಅಂದರೆ ಸುಮಾರು 42 ಆಂಪಿಯರ್. ಹೋಗಿ ಬರುವ ದಾರಿಯಲ್ಲಿ ಬರೀ 0.1 ಓಮ್ ಇದ್ದರೂ 4.2 ವೋಲ್ಟ್ ಅಲ್ಲೇ ಬಿದ್ದುಹೋಗುತ್ತದೆ, ಸುಮಾರು 175 ವ್ಯಾಟ್ ಕೇಬಲ್ ಬಿಸಿಮಾಡಲು ಹೋಗುತ್ತದೆ. ಅದೇ 48 ವೋಲ್ಟಿನ ಯಂತ್ರವಾದರೆ ನಷ್ಟ 11 ವ್ಯಾಟ್. ಗಾಳಿ ಜೋರಿರುವಾಗ ರೆಕ್ಟಿಫೈಯರಿನ ಡಿಸಿ ತುದಿಯಲ್ಲಿ ಒಮ್ಮೆ, ಬ್ಯಾಟರಿ ಟರ್ಮಿನಲ್‌ನಲ್ಲಿ ಒಮ್ಮೆ ವೋಲ್ಟೇಜ್ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಸೋರಿಕೆ.

ಆಮೇಲೆ ಬಾಲ. ಜೋರು ಗಾಳಿಗೆ ಬಾಲ ಮಡಚಿ ಚಕ್ರವನ್ನು ಓರೆ ಮಾಡುವ ಯಂತ್ರಗಳಲ್ಲಿ, ಆ ಕೀಲು ತುಕ್ಕು ಹಿಡಿದು ಮಡಚಿದಲ್ಲೇ ಉಳಿದುಬಿಡುತ್ತದೆ. ಮೆಲ್ಲನೆ ಗಾಳಿ ಬೀಸುವಾಗಲೂ ಚಕ್ರ ಗಾಳಿಗೆ ಮುಖ ಕೊಡದೆ ಪಕ್ಕಕ್ಕೆ ನಿಂತಿದ್ದರೆ ಇದೇ ಕಾರಣ. ಕೀಲು ತೊಳೆದು ಗ್ರೀಸ್ ಹಾಕಿ.

ಇವೆರಡೂ ಸರಿ ಇದ್ದರೆ ಉಳಿಯುವುದು ಜಾಗ. ಇದನ್ನು ಹೇಳಲು ನನಗೂ ಕಷ್ಟ, ಕೇಳಲು ನಿಮಗೂ ಕಷ್ಟ. ಮನೆ ಅಥವಾ ಮರದ ಹಿಂದೆ ಗಾಳಿ ಕಲಕಿಹೋಗುತ್ತದೆ. ಆ ಕಲಕು ಅಡ್ಡಿಯ ಎರಡು ಪಟ್ಟು ಎತ್ತರದವರೆಗೆ, ಇಪ್ಪತ್ತು ಪಟ್ಟು ದೂರದವರೆಗೆ ಇರಬಹುದು. ಅದಕ್ಕೇ ಸುತ್ತ 150 ಮೀಟರ್ ದೂರದೊಳಗೆ ಇರುವ ಎಲ್ಲದಕ್ಕಿಂತ 10 ಮೀಟರ್ ಮೇಲೆ ಚಕ್ರ ಇರಲಿ ಅನ್ನುವುದು. ಇಂಗ್ಲೆಂಡಿನ ವಾರ್ವಿಕ್ ಪ್ರಯೋಗದಲ್ಲಿ ಕಟ್ಟಡಗಳ ಮೇಲೆ ಕೂರಿಸಿದ 26 ಗಾಳಿಯಂತ್ರಗಳನ್ನು ಅಳೆದು 2009ರಲ್ಲಿ ವರದಿ ಕೊಟ್ಟರು. ಬಹುಪಾಲು ಯಂತ್ರಗಳು ನಿರೀಕ್ಷೆಗಿಂತ ತುಂಬಾ ಕೆಳಗಿದ್ದವು.

ನಿಮ್ಮ ಜಾಗ ಹೇಗಿದೆ ಅಂತ ತಿಳಿಯಲು ಉದ್ದನೆಯ ಕೋಲಿಗೋ ಗಾಳಿಪಟದ ದಾರಕ್ಕೋ ಒಂದೊಂದು ಮೀಟರಿಗೆ ಬಟ್ಟೆಯ ಪಟ್ಟಿ ಕಟ್ಟಿ ಮೇಲಕ್ಕೆ ಬಿಡಿ. ಕೆಳಗಿನ ಪಟ್ಟಿಗಳು ಅತ್ತಿತ್ತ ಒದ್ದಾಡುತ್ತವೆ. ಒಂದು ಎತ್ತರದ ನಂತರ ಪಟ್ಟಿ ನೆಟ್ಟಗೆ ಒಂದೇ ದಿಕ್ಕಿಗೆ ಹಾರುತ್ತದೆ. ಚಕ್ರ ಇರಬೇಕಾದದ್ದು ಅಲ್ಲಿ.

ಸದ್ದು ಮತ್ತು ನಡುಕ

ಉಜ್ಜುವ, ಕೆರೆಯುವ ಸದ್ದು ಕೇಳಿದರೆ ಕೂಡಲೇ ನಿಲ್ಲಿಸಿ. ಅಯಸ್ಕಾಂತ ತುಕ್ಕಿನಿಂದ ಉಬ್ಬಿ ಅಥವಾ ಬೇರಿಂಗ್ ಸಡಿಲವಾಗಿ ಕಾಯಿಲ್‌ಗೆ ತಾಗುತ್ತಿರಬಹುದು. ಶಿಳ್ಳೆಯಂಥ ಸದ್ದು ರೆಕ್ಕೆಯ ಅಂಚು ಚಿಪ್ಪೆದ್ದದ್ದರಿಂದ.

ಪ್ರತಿ ಸುತ್ತಿಗೂ ಕಂಬ ಒಮ್ಮೆ ನಡುಗಿದರೆ ರೆಕ್ಕೆಗಳ ತೂಕ ಸಮ ಇಲ್ಲ, ಅಥವಾ ಒಂದು ರೆಕ್ಕೆ ಬಾಗಿದೆ. ಕಂಬ ಇಳಿಸಿದಾಗ ರೆಕ್ಕೆಯ ತುದಿಯ ಪಕ್ಕ ಒಂದು ಕೋಲು ಅಲುಗದಂತೆ ನಿಲ್ಲಿಸಿ, ಮೂರು ರೆಕ್ಕೆಗಳನ್ನೂ ಒಂದೊಂದಾಗಿ ಅದರ ಮುಂದೆ ತನ್ನಿ. ಕೋಲಿಗೂ ತುದಿಗೂ ಇರುವ ಅಂತರ ಕೆಲವು ಮಿಲಿಮೀಟರಿಗಿಂತ ಜಾಸ್ತಿ ಬದಲಾಗಬಾರದು. ನಂತರ ಚಕ್ರ ಹಗುರವಾಗಿ ಬಿಟ್ಟು ನೋಡಿ. ಯಾವಾಗಲೂ ಒಂದೇ ರೆಕ್ಕೆ ಕೆಳಗೆ ಬಂದು ನಿಂತರೆ ಅದು ಭಾರ. ಎದುರಿನ ಕಡೆಗೆ ಸಣ್ಣ ತೂಕ ಸ್ಕ್ರೂ ಮಾಡಿ.

ಎರಡು ರೆಕ್ಕೆಯ ಯಂತ್ರ ಗಾಳಿಯ ದಿಕ್ಕಿಗೆ ಹೊರಳುವಾಗ ಮಾತ್ರ ನಡುಗಿದರೆ ಅದು ಅದರ ಹುಟ್ಟುಗುಣ. ರೆಕ್ಕೆಗಳು ಮೇಲೆ ಕೆಳಗೆ ನಿಂತಾಗ ಹೊರಳುವುದು ಸುಲಭ, ಅಡ್ಡ ನಿಂತಾಗ ಕಷ್ಟ. ಹಾಗಾಗಿ ಜಗ್ಗಿ ಜಗ್ಗಿ ಹೊರಳುತ್ತದೆ. ಅಮೆರಿಕದ ಗಾಳಿಯಂತ್ರ ತಯಾರಕ ಮಾರ್ಸೆಲಸ್ ಜೇಕಬ್ಸ್ ತಮ್ಮ ಯಂತ್ರಗಳಿಗೆ ಮೂರು ರೆಕ್ಕೆ ಆರಿಸಿಕೊಂಡದ್ದು ಇದೇ ಕಾರಣಕ್ಕೆ.

ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಕ ಬಂದು, ಅದನ್ನು ದಾಟಿದ ಮೇಲೆ ಹೋಗುತ್ತಿದ್ದರೆ ಕಂಬವನ್ನು ಎಳೆದು ಹಿಡಿದಿರುವ ಸ್ಟೇ ವೈರ್‌ಗಳ ಬಿಗಿ ನೋಡಿ. ಬಿಗಿ ಬದಲಾದರೆ ಕಂಬ ಅನುರಣಿಸುವ ವೇಗವೂ ಬದಲಾಗುತ್ತದೆ.

ಮತ್ತೆ ಎತ್ತುವ ಮೊದಲು

ಬಿಗಿಮಾಡಿದ ಪ್ರತಿ ನಟ್ಟಿನ ಮೇಲೂ ಬೋಲ್ಟಿನ ಮೇಲೂ ಸೇರುವಂತೆ ಪೇಂಟಿನ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಗೆರೆ ಮುರಿದಿದ್ದರೆ ನಟ್ಟು ಸಡಿಲವಾಗಿದೆ ಅಂತ ಸ್ಪ್ಯಾನರ್ ಇಲ್ಲದೆಯೇ ಗೊತ್ತಾಗುತ್ತದೆ. ಕೇಬಲ್ ಹೊರಬರುವ ತೂತಿಗೆ ರಬ್ಬರ್ ಗ್ರೋಮೆಟ್ (ಅಂಚು ಮುಚ್ಚುವ ಬಳೆ) ಹಾಕಿ. ಕೇಬಲ್ಲಿನ ಭಾರ ಟರ್ಮಿನಲ್ ಮೇಲೆ ಬೀಳದಂತೆ ಮೇಲೆ ಒಂದು ಕಡೆ ಕಟ್ಟಿ.

ಯಂತ್ರ ಸರಿಯಾಗಿ ಓಡುತ್ತಿರುವ ದಿನ ಮೂರು ಜೋಡಿಗಳ ಓಮ್ ಅಳೆದು ಕಂಟ್ರೋಲರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಬರೆದಿಡಿ. ನನ್ನ ಪೆಟ್ಟಿಗೆಯಲ್ಲಿ ಆ ಮೂರು ಸಂಖ್ಯೆಗಳ ಕೆಳಗೆ ಅಳೆದ ತಾರೀಖೂ ಇದೆ.